ಬಾಂಬ್ ಎ, ನಮ್ಮ ಮನೆ ಅಂಗಳ

ಹಿಲ್ಲೂರು
12 ಡಿಸೆಂಬರ್ 2008

ಬಾಬಾ,

ನಾನು ಓಡಿ ಬಂದವನಲ್ಲ. ಓಡಿಸಿದವನು ನೀನು. ಆ ಶನಿವಾರ ನನ್ನ ಎರಡು ಅಂಗಿ ಚೀಲಕ್ಕೆ ತುರುಕಿದ್ದು ಯಾರು? ಕಾಶಿ ಮೌಶಿಯ ಮೀನು ಬುಟ್ಟಿಗಳ ಹಿಂದೆ, ಬಸ್ಸಿನ ಕೊನೆಯ ಸೀಟಿನಲ್ಲಿ ನನ್ನ ತಲೆ ಬಗ್ಗಿಸಿ ಕೂರಿಸಿದ್ದು ಯಾರು? ಈಗ ಅದೇ ಮೌಶಿಯ ಬಾಯಲ್ಲಿ ಹೇಳಿ ಕಳಿಸುತ್ತೀ. ಅವಳು ಪೂರ್ತಿ ಹೇಳಲಿಲ್ಲ, ಅರ್ಧ ನುಂಗಿದಳು. ಇಲ್ಲಿ ಮನೆಮನೆಗೆ ಮೀನು ಮಾರುತ್ತಾ ಮೂವತ್ತು ಮನೆಯ ಸೊಸೆಯಂದಿರ ಹೆಸರು ನೆನಪಿಟ್ಟವಳಿಗೆ ನೀನು ಎರಡು ದಿನದ ಹಿಂದೆ ಹೇಳಿದ್ದು ನೆನಪಿಲ್ಲವಂತೆ. ನುಂಗಿದ ಅರ್ಧ ಏನು ಅಂತ ನನಗೆ ಗೊತ್ತು. ನೀನು ಅದನ್ನು ಬರೆದು ಕಳಿಸುವವನಲ್ಲ, ಅದೂ ಗೊತ್ತು. ವಿಕಾಸನನ್ನು ಠಾಣೆಯಲ್ಲಿ ಬಿಟ್ಟು ನಾನು ಗುಡ್ಡದ ಹಿಂದೆ ಅಡಗಿದ್ದೇನೆ. ಹೌದು. ಅಡಗು ಅಂದದ್ದು ಯಾರು?

ನೀನು ಎಲ್ಲಿಯಾದರೂ ಬಾಯಿ ಬಿಡುವ ಮೊದಲು ಈ ಆಟ ಏನು ಅಂತ ತಿಳಿದುಕೋ. ನೀನು ಅದನ್ನು ಒಂದು ದಿನವೂ ಕೇಳಿಲ್ಲ. ಒಂಬತ್ತನೇ ಇಯತ್ತೆ ಬಿಟ್ಟವನು ವಿಕಾಸನ ಸೈಬರಿನಲ್ಲಿ ಕೆಲಸಕ್ಕೆ ಹೋಗುತ್ತಾನೆ, ಅಲ್ಲಿ ಏನೋ ಡಬ್ಬಿ ಒತ್ತುತ್ತಾನೆ, ಅಷ್ಟೇ ನಿನಗೆ ಗೊತ್ತಿದ್ದದ್ದು.

ಆಟದ ಹೆಸರು ಕೌಂಟರ್ ಸ್ಟ್ರೈಕ್. ಮೊದಲು ಹುಡುಗರು ಕಾರಿನ ಆಟ, ಕ್ರಿಕೆಟ್ ಆಡುತ್ತಿದ್ದರು. ಈ ಎರಡು ವರ್ಷದಿಂದ ಕಾರವಾರದಲ್ಲಿ ಎಲ್ಲರಿಗೂ ಇದೇ. ಕಾಲೇಜಿನವರು, ಅದಿರು ಲಾರಿಯ ಕ್ಲೀನರುಗಳು, ರಜೆಯಲ್ಲಿ ಊರಿಗೆ ಬಂದ ನೇವಿಯವರು, ಯಾರೂ ಬಿಟ್ಟಿಲ್ಲ. ಐದು ಜನ ಬಾಂಬ್ ಇಡುವವರು, ಐದು ಜನ ಇಡದ ಹಾಗೆ ಕಾಯುವವರು. ಬಾಂಬ್ ಇಡಲು ಎರಡೇ ಜಾಗ. ಒಂದಕ್ಕೆ ಎ, ಇನ್ನೊಂದಕ್ಕೆ ಬಿ. ಆ ಎರಡು ಜಾಗ ಇಲ್ಲದಿದ್ದರೆ ಆಟವೇ ಇಲ್ಲ, ಗೋಲು ಇಲ್ಲದ ಫುಟ್‌ಬಾಲಿನ ಹಾಗೆ. ಆಡುವ ಊರುಗಳನ್ನು ನಾವೇ ಮಾಡಬಹುದು. ಕಂಪನಿಯವರು ಕೊಟ್ಟದ್ದೆಲ್ಲ ಮರಳುಗಾಡಿನ ಊರು. ನಾನು ಚೆಂಡಿಯಾ ಮಾಡಿದೆ. ಹೊಸ ಚೆಂಡಿಯಾ ಅಲ್ಲ. ನಮ್ಮ ಕೇರಿ, ನೇವಿಯವರ ಗೋಡೆಯ ಒಳಗೆ ಹೋದದ್ದು.

ಎಲ್ಲವೂ ನೀನು ಊಟದ ಹೊತ್ತಿಗೆ ಹೇಳಿದ್ದೇ. ಬಾವಿಯಿಂದ ನಮ್ಮ ಮೆಟ್ಟಿಲಿಗೆ ಹದಿನಾಲ್ಕು ಮಾರು. ದೋಣಿ ಎಳೆಯುವ ದಾರಿ ಮೂರು ಮಾರು ಅಗಲ. ನಾನು ಹತ್ತು ವರ್ಷದವನಿದ್ದಾಗ ಬಿಟ್ಟು ಬಂದದ್ದು, ನನಗೆ ಮಾರು ನೆನಪಿಲ್ಲ, ನಿನಗೆ ನೆನಪಿದೆ. ಕಂಪ್ಯೂಟರಿಗೆ ಹಾಕುವ ಮೊದಲು ಎಲ್ಲ ಒಂದು ದೊಡ್ಡ ಕಾಗದದಲ್ಲಿ ಬರೆದುಕೊಂಡೆ. ಆಡುವವರಿಗೆ ದಾರಿ ತಿಳಿಯಲಿ ಅಂತ ವಿಕಾಸ ಅದನ್ನು ಗೋಡೆಗೆ ಅಂಟಿಸಿದ. ಆಮೇಲೆ ಮುಂಬೈಯಲ್ಲಿ ಆದದ್ದು ಆಯಿತು. ಸೈಬರಿಗೆ ಬರುವವರ ಗುರುತಿನ ಚೀಟಿಯ ಪುಸ್ತಕ ಇದೆಯೋ ಇಲ್ಲವೋ ನೋಡಲು ಪೊಲೀಸರು ಬಂದರು. ಪುಸ್ತಕ ಇತ್ತು. ಗೋಡೆಯ ಮೇಲೆ ಕಾಗದವೂ ಇತ್ತು. ಅದರಲ್ಲಿ ನನ್ನ ಅಕ್ಷರದಲ್ಲಿ, ಕೆಂಪು ಪೆನ್ನಿನಲ್ಲಿ:

ಬಾಂಬ್ ಎ, ನಮ್ಮ ಮನೆ ಅಂಗಳ. ಬಾಂಬ್ ಬಿ, ಬಾವಿ ಕಟ್ಟೆ.

ಈಗ ನಗು ನೋಡುವಾ.

ನಾನು ಇಲ್ಲಿ ಬೊಮ್ಮು ಮತ್ತು ಸುಕ್ರಿಯ ಮನೆಯಲ್ಲಿದ್ದೇನೆ. ಮೌಶಿಯ ಹಳೆಯ ಗಿರಾಕಿಗಳು. ಮುದುಕರು ಒಳ್ಳೆಯವರು, ಏನೂ ಕೇಳಿಲ್ಲ. ಬಸ್ಸು ಬಿಟ್ಟರೆ ಇಲ್ಲಿ ಬೇರೆ ಗಾಡಿಯ ಸದ್ದಿಲ್ಲ. ಬೇರೆ ಸದ್ದು ಕೇಳಿದರೆ ನಾನು ಕೊಟ್ಟಿಗೆಗೆ ಓಡುತ್ತೇನೆ. ನಿನ್ನೆ ಮರ ಕೊಯ್ಯುವ ಮಿಷನ್ನಿನ ಸದ್ದಿಗೆ ಓಡಿದೆ. ದನದ ನಡುವೆ ಕೂತು ಅತ್ತೆ ಅಂತ ಮೌಶಿಗೆ ಹೇಳಬೇಡ.

ನೀನು ಕಳಿಸಿದಲ್ಲಿ ಬಿದ್ದಿರುವ,
ಕಿಶನ


ಬೇಲೆಕೇರಿ ಕಾಲನಿ
16 ಡಿಸೆಂಬರ್ 2008

ಕಿಶನ ಅಣ್ಣಾ,

ಬಾಬಾ ಬಲೆ ಹಾಕಿಕೊಂಡು ಕೂತಿದ್ದಾನೆ, ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಕಾಗದ ಎರಡು ಸಲ ಓದಿಸಿಕೊಂಡ. ಅವನು ಹೇಳಿದ್ದು ಇಷ್ಟು:

"ಬರಿ. ಮೊಬೈಲು ಬಂದ್ ಮಾಡಿ ಇಟ್ಕಂಡಿರು. ಇನ್ನು ಕಾಗದದಲ್ಲಿ ಊರಿನ ಹೆಸರು ಬರೂಬೇಡ, ಆ ಸುಡುಗಾಡು ಆಟದ ಹೆಸರೂ ಬರೂಬೇಡ. ಓದಿ ಆದ ಮೇಲೆ ಸುಡು. ಬೊಮ್ಮಗೆ ಕೆಲಸ ಮಾಡಿ ಕೊಡು, ಕೂತು ಉಣ್ಣಬೇಡ. ಅಷ್ಟೇಯ."

ಇನ್ನು ಮುಂದಿನದು ನನ್ನದು. ಬಾಬಾನಿಗೆ ನಾನು ಬರೆಯುತ್ತಲೇ ಇರುವುದು ಕಾಣುತ್ತಿದೆ.

ಭಾನುವಾರ ಇಬ್ಬರು ಪೊಲೀಸರು ಕಾಲನಿಗೆ ಬಂದಿದ್ದರು. ಸೈಬರಿನಲ್ಲಿ ಕೆಲಸ ಮಾಡುವ ಹುಡುಗ ಯಾರ ಮಗ ಅಂತ ಕೇಳಿದರು. ಬಾಬಾ ಮುಂದೆ ಹೋಗಿ, ನನ್ನ ಮಗ, ಮಲ್ಪೆಯ ಬೋಟಿಗೆ ಹೋಗಿದ್ದಾನೆ, ಬರುವುದು ಯಾವಾಗ ಗೊತ್ತಿಲ್ಲ ಅಂದ. ಅವರು ಬರೆದುಕೊಂಡು ಚಾ ಕುಡಿದು ಹೋದರು. ಜೋರು ಮಾಡಲಿಲ್ಲ. ಒಬ್ಬ ಪ್ರಾಯದವನು ನನ್ನ ಪಿಯುಸಿ ಪುಸ್ತಕ ನೋಡಿ ಯಾವ ಕಾಲೇಜು ಅಂತಲೂ ಕೇಳಿದ.

ಅವರು ಹೋದ ಮೇಲೆ ಬಾಬಾ ಮಾಡಿದ್ದು ಕೇಳು. ಟಿವಿಗೆ ಹಾಕಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮು ಅಟ್ಟದಿಂದ ತೆಗೆದ. ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಪಿಸ್ತೂಲು ಇತ್ತಲ್ಲ, ಕಿತ್ತಳೆ ಬಣ್ಣದ್ದು, ಅದನ್ನು ಕತ್ತಿಯಿಂದ ನಾಲ್ಕು ತುಂಡು ಮಾಡಿ ತೆಂಗಿನ ಬುಡದಲ್ಲಿ ಹೂತ. ಒಂದು ಲಕ್ಷ ಆಟ ಅಂತ ಬರೆದಿದ್ದ ಕ್ಯಾಸೆಟ್ಟು ಒಲೆಗೆ ಹಾಕಿದ. ಮನೆ ತುಂಬ ಪ್ಲಾಸ್ಟಿಕ್ ವಾಸನೆ. ಅದರಲ್ಲಿ ಇದ್ದದ್ದೇ ಆರು ಆಟ ಬಾಬಾ ಅಂದೆ. ಆರೂ ಬೇಡ ಅಂದ. ನನಗೆ ನಗು ಬಂತು. ಆಮೇಲೆ ಅವನು ಮಣ್ಣಿನ ಮೇಲೆ ತೆಂಗಿನ ಗರಿ ಹಾಕಿ, ಅದರ ಮೇಲೆ ತಾನೇ ಹೋಗಿ ಕೂತ. ಆಗ ನಗು ನಿಂತಿತು.

ಬೋಟುಗಳನ್ನು ಈಗ ಬಂದರಿನ ಬಾಯಲ್ಲೇ ನಿಲ್ಲಿಸಿ ಎಲ್ಲರ ಚೀಟಿ ನೋಡುತ್ತಾರೆ. ನಲವತ್ತು ವರ್ಷ ಸಮುದ್ರಕ್ಕೆ ಹೋದವನಿಗೆ ನೀನು ಯಾರು ಅಂತ ಕೇಳುತ್ತಾರೆ. ಬಾಬಾ ಎರಡು ಕೈಯಲ್ಲೂ ಚೀಟಿ ಹಿಡಿದು ತೋರಿಸುತ್ತಾನಂತೆ.

ನೀನು ಅವನಿಗೆ ಸಿಟ್ಟು ಮಾಡಿ ಬರೆಯಬೇಡ. ನನಗೆ ಬೇಕಾದರೆ ಬರೆ.

ಪ್ರಗತಿ


ಹಿಲ್ಲೂರು
23 ಡಿಸೆಂಬರ್ 2008

ಬಾಬಾ,

ಊರಿನ ಹೆಸರು ಬರೆಯಬೇಡ ಅಂತೀ. ಬರೆಯದೆ ಒಂಬತ್ತು ವರ್ಷ ಆಯಿತು. ಯಾರಿಗೆ ಏನು ಸಿಕ್ಕಿತು? ಸರಿ, ಬರೆಯುವುದಿಲ್ಲ. ನೀನು ಹೇಳಿ ಬರೆಸಿದಷ್ಟು ಹರಿದು ಸುಟ್ಟೆ, ಪ್ರಗತಿ ತಾನಾಗಿ ಬರೆದದ್ದು ಇಟ್ಟುಕೊಂಡೆ.

ಇಲ್ಲಿ ಒಂದು ಅನಾಹುತ ಆಗಿದೆ. ಓದಿ ಹೆದರಬೇಡ ಅಂತ ಬರೆಯಬೇಕು, ಆದರೆ ನೀನು ಹೆದರಲಿ ಅಂತಲೇ ನನಗೆ ಅನಿಸುತ್ತದೆ. ನಾನೊಬ್ಬನೇ ಎಷ್ಟು ಹೆದರುವುದು?

ಮೊಬೈಲು ಬಂದ್ ಮಾಡಿಯೇ ಇಟ್ಟಿದ್ದೆ. ಈ ಊರಿನಲ್ಲಿ ಹೇಗೂ ರೇಂಜು ಇಲ್ಲ. ಬೊಮ್ಮು ಒಂದು ದಿನ ಅದು ಎಂತ ಡಬ್ಬಿ ಅಂತ ಕೇಳಿದ. ಅರವತ್ತೈದು ದಾಟಿದ ಮುದುಕ. ಉಂಡ ಮನೆಗೆ ಏನಾದರೂ ಕೊಡಬೇಕಲ್ಲ, ಚಾಲು ಮಾಡಿ ಹಾವಿನ ಆಟ ತೋರಿಸಿದೆ. ಒಂದು ಸಣ್ಣ ಹಾವು, ಅದು ಕಾಳು ತಿಂದಷ್ಟೂ ಉದ್ದ ಆಗುತ್ತದೆ, ತನ್ನ ಬಾಲಕ್ಕೆ ತಾನೇ ತಾಗಿದರೆ ಸತ್ತಿತು. ಮೊದಲ ದಿನ ಅವನ ಹೆಬ್ಬೆರಳು ಗುಂಡಿಯ ಮೇಲೆ ಕೂರಲೇ ಇಲ್ಲ, ಒಂದು ಸಲಕ್ಕೆ ಮೂರು ಗುಂಡಿ ಒತ್ತುತ್ತಿತ್ತು. ನಾಲ್ಕನೇ ದಿನಕ್ಕೆ ನನ್ನನ್ನೇ ಸೋಲಿಸಿದ. ಗದ್ದೆಗೆ ನೀರು ಬಿಡುವುದು ಮರೆತ. ಸುಕ್ರಿ ಬಾಗಿಲಲ್ಲಿ ನಿಂತು ಬೈದಳು. ಅವನು ತಲೆ ಎತ್ತದೆ ಹೇಳಿದ:

"ತಮಾ, ಇದ್ನ ಮಾಡ್ದವ ಹಾವು ನೋಡ್ದವ ಅಲ್ಲ. ಹಾವು ಹೊಟ್ಟೆ ತುಂಬ್ದ ಮೇಲೆ ಮನಿಕಂತದೆ. ಇದು ಓಡೂದೇಯ."

ಮೊನ್ನೆ ಶನಿವಾರ ಒಣ ಎಲೆ ತರಲು ಗುಡ್ಡಕ್ಕೆ ಹೋದವನು ನನಗೆ ಹೇಳದೆ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದಾನೆ, ಬಂಡೆಯ ಮೇಲೆ ಕೂತು ಆಡಲು. ಗುಡ್ಡದ ತುದಿಯಲ್ಲಿ ರೇಂಜು ಇದೆ ಬಾಬಾ. ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಕೆಳಗೆ ಬಂದು ಎಲೆಯ ಹೊರೆ ಇಳಿಸಿ, ಹಾವು ಇಪ್ಪತ್ತು ಕಾಳು ತಿನ್ನುವಾಗ ಪೆಟ್ಟಿಗೆ ಕೂಗಿತು, ಅದಕ್ಕೇ ಹಾವು ಸತ್ತಿತು ಅಂತ ಬೇಜಾರಿನಲ್ಲಿ ಹೇಳಿದ. ಕೂಗಿದ್ದಕ್ಕೆ ನೀನು ಏನು ಮಾಡಿದೆ ಅಂತ ಕೇಳಿದೆ. ಹಸಿರು ಗುಂಡಿ ಒತ್ತಿದನಂತೆ. ಒಳಗಿನಿಂದ ಯಾರೋ ಗಂಡಸು ಯಾರು ಅಂತ ಕೇಳಿದನಂತೆ.

"ನಾ ಬೊಮ್ಮು, ಹಿಲ್ಲೂರು ಅಂದೆ" ಅಂದ. ನನ್ನ ಮುಖ ನೋಡಿ ಅವನಿಗೇ ಆಶ್ಚರ್ಯ. "ಕೇಳ್ದವ್ಗೆ ಹೇಳ್ದೆ ಇರೂಕೆ ಆತದಾ?"

ಅವನ ಕೈಯಿಂದ ಮೊಬೈಲು ಕಿತ್ತುಕೊಂಡೆ. ನೋಡಿದರೆ ಕಾರವಾರದ ಯಾವುದೋ ನಂಬರು, ನನಗೆ ಗುರುತಿಲ್ಲದ್ದು. ಬ್ಯಾಟರಿ ಕಿತ್ತೆ, ಸಿಮ್ಮು ಮುರಿದೆ. ಆಮೇಲೆ ಬರೀ ಕಾಯುವುದು. ಶನಿವಾರ ಕಾದೆ. ಭಾನುವಾರ ಕಾದೆ. ನಿನ್ನೆ ಹನ್ನೊಂದು ಗಂಟೆಗೆ ಜೀಪು ಬಂತು. ಇಂಜಿನ್ನಿನ ಸದ್ದು ತಿರುವಿನಲ್ಲಿ ಕೇಳಿದಾಗ ನಾನು ಓಡಲಿಲ್ಲ. ಅಂಗಳದಲ್ಲೇ ನಿಂತೆ. ನಿಂತಲ್ಲೇ ಚಡ್ಡಿ ಒದ್ದೆಯಾಯಿತು. ಹತ್ತೊಂಬತ್ತು ವರ್ಷದ ಗಂಡಸು.

ಜೀಪು ಫಾರೆಸ್ಟಿನವರದ್ದು. ಯಾರೋ ಮರ ಕಡಿದಿದ್ದಾರೆ ಅಂತ ಕೇಳಲು ಬಂದದ್ದು. ಸುಕ್ರಿ ಅವರಿಗೆ ನೀರು ಬೆಲ್ಲ ಕೊಟ್ಟು ಕಳಿಸಿದಳು. ಆಮೇಲೆ ನನ್ನ ಹತ್ತಿರ ಬಂದು, ಏನೂ ನೋಡದವಳ ಹಾಗೆ, ಬೊಮ್ಮುವಿನ ಪಂಚೆ ಕೈಗೆ ಕೊಟ್ಟು ಹೋದಳು.

ಆ ಫೋನು ಮಾಡಿದವನು ಯಾರು? ದಿನ ಪೂರ್ತಿ ತಲೆಯಲ್ಲಿ ಇದೊಂದೇ. ಅವನಿಗೆ ಈಗ ಹೆಸರು, ಊರು ಎರಡೂ ಗೊತ್ತು. ನನ್ನನ್ನು ಬೇರೆ ಕಡೆ ಕಳಿಸು. ಇಲ್ಲವಾದರೆ ಬಂದು ಕರೆದುಕೊಂಡು ಹೋಗು.

ನಿನ್ನ ಗಂಡುಮಗ,
ಕಿಶನ


ಕಾರವಾರ
2 ಜನವರಿ 2009

ಕಿಶನ,

ಫೋನು ಮಾಡಿದ್ದು ನಾನು. ಠಾಣೆಯಿಂದ ಚಾ ಕುಡಿಯಲು ಬಿಟ್ಟಾಗ, ಎದುರಿನ ಎಸ್‌ಟಿಡಿ ಬೂತಿನಿಂದ. ಬೊಮ್ಮು ಅಂತ ಒಬ್ಬರು ಎತ್ತಿದರು, ಬಹಳ ಮರ್ಯಾದೆಯಲ್ಲಿ ಊರಿನ ಹೆಸರು ಹೇಳಿದರು, ಹಾವು ಸತ್ತಿತು ಅಂತಲೂ ಹೇಳಿದರು. ಹಾಗಾಗಿ ಲಕೋಟೆಯ ಮೇಲೆ ಅವರ ಹೆಸರೇ ಬರೆದಿದ್ದೇನೆ. ಪೋಸ್ಟಿನವನು ತಲುಪಿಸಿದ್ದರೆ ನೀನು ಇದನ್ನು ಓದುತ್ತಿದ್ದೀ.

ಹೆದರಬೇಡ, ನೀನು ಎಲ್ಲಿದ್ದೀ ಅಂತ ಪೊಲೀಸರಿಗೆ ಹೇಳಿಲ್ಲ. ದಿನಾ ಕೇಳುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಬೆಂಚಿನ ಮೇಲೆ ಕೂರಬೇಕು, ಸಂಜೆ ಬಿಡುತ್ತಾರೆ. ಹೊಡೆದಿಲ್ಲ. ಒಂದು ದಿನ ಒಬ್ಬರು ಕೆನ್ನೆಗೆ ಕೈ ಎತ್ತಿದರು, ಆಮೇಲೆ ಇಳಿಸಿದರು. ಆದರೆ ಆ ಎತ್ತಿದ ಕೈ ಇನ್ನೂ ನನ್ನ ಕೆನ್ನೆಯ ಹತ್ತಿರವೇ ಇದ್ದ ಹಾಗೆ ಇದೆ. ಅಪ್ಪ ಸೈಬರಿಗೆ ಬೀಗ ಹಾಕಿದರು. ಕಂಪ್ಯೂಟರುಗಳನ್ನೆಲ್ಲ ಪೊಲೀಸರು ಜೀಪಿನಲ್ಲಿ ಒಯ್ದರು. ಮೂವತ್ತು ವರ್ಷ ಆಫೀಸಿನಲ್ಲಿ ಗುಮಾಸ್ತರಾಗಿ ಒಂದು ಮೆಮೊ ತೆಗೆದುಕೊಳ್ಳದ ಅಪ್ಪ, ಬರೀ ಹೆಸರು ಹಿಡಿದು ಹರಿಶ್ಚಂದ್ರ ಅಂತ ಕರೆದರೆ ಠಾಣೆಯಲ್ಲಿ ಎದ್ದು ನಿಲ್ಲುತ್ತಾರೆ. ನನ್ನ ಹತ್ತಿರ ಮಾತಾಡುವುದಿಲ್ಲ. ನನ್ನ ತಂಗಿ ದೀಪಾಲಿಯ ಹತ್ತಿರ ಹೇಳಿ ಕಳಿಸುತ್ತಾರೆ.

ಸಾಹೇಬರಿಗೂ ಹೆದರಿಕೆ ಇದೆ ಮಾರಾಯ, ಅದು ನನಗೆ ಈಗ ತಿಳಿಯುತ್ತಿದೆ. ನಿನ್ನ ಕಾಗದವನ್ನು ಯಾರೋ ನೇವಿಯ ಒಳಗಿನ ನಿಜವಾದ ನಕ್ಷೆಯ ಮೇಲೆ ಇಟ್ಟು ನೋಡಿದ್ದಾರಂತೆ. ನಿನ್ನ ಬಾವಿ ಇದ್ದಲ್ಲಿ ಈಗ ಏನೋ ಇದೆ. ಏನು ಅಂತ ಹೇಳುವುದಿಲ್ಲ. ಮಾರು ಅಂದರೆ ಎಷ್ಟು ಅಡಿ ಅಂತ ನನ್ನನ್ನು ಅರ್ಧ ದಿನ ಕೇಳಿದರು. ಎರಡು ಕೈ ಅಗಲಿಸಿ ತೋರಿಸಿದೆ. ಟೇಪು ಹಿಡಿದು ಅಳೆದರು. ಸರಿಯಾಗಿ ಬರುತ್ತಿದೆ, ಇಷ್ಟು ಸರಿಯಾಗಿ ಹೇಗೆ ಅಂತ ಮತ್ತೆ ಸಿಟ್ಟು.

ಇನ್ನೊಂದು ಕೇಳುತ್ತಾರೆ. ಭಾನುವಾರ ಆಡಲು ಬರುತ್ತಿದ್ದ ನೇವಿ ಹುಡುಗ ಈ ಊರು ಎಲ್ಲಿಯದು ಅಂತ ಕೇಳಿದಾಗ ಉತ್ತರ ಕೊಟ್ಟದ್ದು ಯಾರು ಅಂತ. ನನಗೆ ಕೇಳಿಸಲಿಲ್ಲ, ಹೆಡ್‌ಫೋನು ಹಾಕಿದ್ದೆ ಅಂದೆ. ನಾನು ಹಾಕಿರಲಿಲ್ಲ. ನಿನಗೆ ಗೊತ್ತು.

ನಾನು ನಿನ್ನಿಂದ ಏನೂ ಕೇಳುವುದಿಲ್ಲ, ಒಂದು ಬಿಟ್ಟು. ಬೆಂಚಿನ ಮೇಲೆ ಕೂತು ಕೂತು ಅದೇ ಯೋಚನೆ. ಅಷ್ಟು ದೊಡ್ಡ ಕೇರಿಯಲ್ಲಿ ಬಾಂಬಿನ ಜಾಗಕ್ಕೆ ನಿನ್ನದೇ ಮನೆ ಯಾಕೆ ಬೇಕಾಯಿತು?

ವಿಕಾಸ


ಹಿಲ್ಲೂರು
9 ಜನವರಿ 2009

ವಿಕಾಸ,

ಇದನ್ನು ಮೌಶಿ ಅಂಕೋಲೆಯಲ್ಲಿ ಪೋಸ್ಟಿಗೆ ಹಾಕುತ್ತಾಳೆ. ಮೀನು ನಾರಿದರೆ ಮೂಗು ಮುಚ್ಚಿಕೊಂಡು ಓದು.

ಉತ್ತರ ಕೊಟ್ಟವನು ನಾನು. ಬಾಬಾನಿಗೆ ಇದನ್ನು ಇನ್ನೂ ಬರೆದಿಲ್ಲ. ಆ ಹುಡುಗ ಕೆಟ್ಟವನಲ್ಲ. ಹರಿಯಾಣದವನು, ನನಗಿಂತ ಚೆನ್ನಾಗಿ ಗುರಿ ಇಡುತ್ತಿದ್ದ, ಆಟದಲ್ಲಿ ಸತ್ತಾಗಲೂ ನಗುತ್ತಿದ್ದ. ಅವತ್ತು ನಮ್ಮ ದೋಣಿ ದಾರಿಯಲ್ಲಿ ಓಡುತ್ತಾ ಓಡುತ್ತಾ ನಿಂತ. ಸಮುದ್ರ, ಗುಡ್ಡ ನೋಡಿದ. ಇದು ಎಲ್ಲಿಯ ಹಳ್ಳಿ, ಚೆನ್ನಾಗಿದೆ ಅಂತ ಹಿಂದಿಯಲ್ಲಿ ಕೇಳಿದ. ಚೆನ್ನಾಗಿದೆ ಅಂದದ್ದಕ್ಕೇ ನನಗೆ ರೇಗಿತು. "ನೀನು ಮಲಗುತ್ತೀಯಲ್ಲ, ಅದರ ಕೆಳಗಿನದು" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ, ಆಮೇಲೆ ನಗು ಕಡಿಮೆ ಮಾಡಿದ. ಅವನು ಹೇಳಿದನೋ, ಅವನಿಂದ ಕೇಳಿ ತೆಗೆದರೋ, ಗೊತ್ತಿಲ್ಲ. ನನ್ನ ಬಾಯಿ ಮುಚ್ಚಿದ್ದರೆ ಅದು ಬರೀ ಒಂದು ಊರು.

ಈಗ ನಿನ್ನ ಪ್ರಶ್ನೆ.

ನೀನು ಆಡುವಾಗ ಏನು ಮಾಡುತ್ತೀ ಯೋಚಿಸು. ಪೊಲೀಸ್ ಕಡೆ ಬಂದರೆ ಮೊದಲು ಎ ಹತ್ತಿರ ಓಡುತ್ತೀ. ಮೂವರು ಎ ಕಾಯುತ್ತಾರೆ, ಇಬ್ಬರು ಬಿ. ಬಾಂಬ್ ಇಡುವವರೂ ಮೊದಲು ಅಲ್ಲಿಗೇ ಬರುವುದು. ಊರಿನಲ್ಲಿ ಬೇರೆ ಮನೆಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಎ ಮಾತ್ರ ಬೇಕು. ಅದಕ್ಕೇ ಅಲ್ಲಿಟ್ಟೆ. ಸಂಜೆ ಐದರಿಂದ ಒಂಬತ್ತರವರೆಗೆ ಕಾರವಾರದ ಹುಡುಗರು ಪಾಳಿ ಹಾಕಿ ನಮ್ಮ ಮನೆ ಕಾಯುತ್ತಿದ್ದರು. ನೀನು ಕಿಟಕಿಯಲ್ಲಿ ಕೂರುತ್ತಿದ್ದೆ. ಅದು ಆಯಿಯ ಅಡುಗೆಮನೆ ಕಿಟಕಿ. ಲಾರಿಯ ಮಾದ ಮೆಟ್ಟಿಲ ಹಿಂದೆ ಬಗ್ಗಿ ಕೂತು, ಯಾರನ್ನೂ ಬಿಡಬೇಡಿ, ಮನೆ ಹೋಗ್ತದೆ ಅಂತ ಕೂಗುತ್ತಿದ್ದ. ನಾನು ಕೌಂಟರಿನಲ್ಲಿ ಕೂತು ಕೇಳುತ್ತಿದ್ದೆ. ನಮ್ಮನ್ನು ಎಬ್ಬಿಸಲು ನಿಜವಾಗಿ ಗಾಡಿ ಬಂದ ದಿನ ಯಾರೂ ಕೂಗಲಿಲ್ಲ. ಬಾಬಾ ಪಾತ್ರೆಗಳನ್ನು ಒಂದೊಂದಾಗಿ, ಸದ್ದಾಗದ ಹಾಗೆ, ಲಾರಿಗೆ ಇಟ್ಟ.

ಇದನ್ನು ಸಾಹೇಬರಿಗೆ ಹೇಗೆ ಹೇಳುವುದು? ಬಾಂಬ್ ಅಂತ ಬರೆದದ್ದು ಕಾಯಲಿಕ್ಕೆ ಅಂದರೆ ಯಾರು ನಂಬುತ್ತಾರೆ?

ನಾನು ಬರುತ್ತೇನೆ ಅಂತ ಇಲ್ಲಿ ಮೂರು ಸಲ ಬರೆದು ಹೊಡೆದುಹಾಕಿದ್ದು ನಿನಗೆ ಕಾಣುತ್ತದೆ. ಅವರು ನನ್ನನ್ನು ಏನಂತ ಕರೆಯುತ್ತಾರೆ ಅಂತ ಗೊತ್ತು. ಆ ಹೆಸರು ಒಮ್ಮೆ ಹತ್ತಿದರೆ ತೊಳೆದರೆ ಹೋಗುವುದಿಲ್ಲ. ಪ್ರಗತಿಯ ಕಾಲೇಜಿಗೂ ಹತ್ತುತ್ತದೆ. ನೀನು ನನ್ನ ಹೆಸರು ಹೇಳಿಬಿಡು. ಹೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಹೇಳದೆ ಇರುವುದೇ ನನ್ನನ್ನು ಕೊಲ್ಲುತ್ತಿದೆ.

ಹೊಡೆದುಹಾಕಿದವನು,
ಕಿಶನ


ಬೇಲೆಕೇರಿ
30 ಜನವರಿ 2009

ಕಿಶನನಿಗೆ ಬಾಬಾ ಬರೆಯುವುದು.

ಪ್ರಗತಿಗೆ ಗೊತ್ತಿಲ್ಲ. ನಾನೇ ಬರೆದದ್ದು. ಅಕ್ಷರ ತಪ್ಪು ಇದ್ದರೆ ಇರಲಿ.

ಎಲ್ಲ ಸರಿ ಆಯಿತು. ಕಾಲನಿಯವರ ಅರ್ಜಿ ಬರೆಯುವ ಮಂಜು ಮಾಸ್ತರರು ದೊಡ್ಡವರ ಹತ್ತಿರ ಮಾತಾಡಿದರು. ಒಂದು ಕಾಗದ ಟೈಪು ಮಾಡಿಸಿದ್ದಾರೆ. ನೀನು ಸಹಿ ಮಾಡಬೇಕು, ಅಷ್ಟೇ. ಮತ್ತೆ ಯಾರೂ ಕೇಳುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ.

ಭಾನುವಾರ ಎಂಟನೇ ತಾರೀಕು ಮೌಶಿಯ ಜೊತೆ ಬಾ. ಅವಳು ನಿನಗೋಸ್ಕರ ಬರುತ್ತಾಳೆ. ಟೊಪ್ಪಿ ಹಾಕಿಕೋ. ಬೊಮ್ಮುವಿಗೆ ಒಣ ಸಿಗಡಿ ಕಳಿಸಿದ್ದೇನೆ.

ನಾನು ಊಟ ಮಾಡುತ್ತಿದ್ದೇನೆ. ನೀನು ಮಾಡು.

ತುಳಸಿದಾಸ


ಬೇಲೆಕೇರಿ, ನಮ್ಮದೇ ಮನೆಯ ಒಳಗಿನಿಂದ
9 ಫೆಬ್ರವರಿ 2009, ಸೋಮವಾರ ಬೆಳಿಗ್ಗೆ

ಬಾಬಾ,

ಎಂಟು ಹೆಜ್ಜೆ ದೂರದಲ್ಲಿ ಅಂಗಳದಲ್ಲಿ ಕೂತವನಿಗೆ ಕಾಗದ ಬರೆಯುವ ಮಗ ಇಡೀ ಕಾಲನಿಯಲ್ಲಿ ನಾನೊಬ್ಬನೇ ಇರಬೇಕು. ಬಾಯಲ್ಲಿ ಹೇಳಿದರೆ ನೀನು ನಡುವೆ ಎದ್ದು ಬಲೆ ಎತ್ತಿಕೊಳ್ಳುತ್ತೀ. ಕಾಗದದಲ್ಲಿ ನಡುವೆ ಏಳಲು ಆಗುವುದಿಲ್ಲ. ನಿನಗೆ ಓದಲು ಕಷ್ಟವಾದರೆ ಪ್ರಗತಿ ಕಾಲೇಜಿನಿಂದ ಬಂದು ಓದಿ ಹೇಳಲಿ.

ನಿನ್ನೆ ಮಂಜು ಮಾಸ್ತರರು ಕಾಗದ ಮುಂದೆ ಇಟ್ಟರು. ಓದುತ್ತೇನೆ ಅಂದೆ. ಓದುವುದು ಎಂತಕ್ಕೆ ಅಂತ ನೀನು ಕೇಳಿದೆ. ನೀನು ಹಿಂದೆ ಊರು ಬಿಡುವ ಕಾಗದಕ್ಕೆ ಓದದೆಯೇ ಸಹಿ ಹಾಕಿದ್ದೀ, ಅದಕ್ಕೆ ನಾವು ಇಲ್ಲಿದ್ದೇವೆ. ನಾನು ಓದಿದೆ. ಎರಡೇ ಮಾತು ಅದರಲ್ಲಿ. ಒಂದು, ಈ ಚಿತ್ರ ಕಾಲ್ಪನಿಕ, ಇಂಥ ಊರು ಎಲ್ಲಿಯೂ ಇರಲಿಲ್ಲ. ಎರಡು, ಇದನ್ನು ನಾನು ಸೈಬರಿನ ಮಾಲೀಕರ ಮಗ ವಿಕಾಸ ಹೇಳಿದ ಪ್ರಕಾರ ಬರೆದೆ, ಅವನ ಉದ್ದೇಶ ನನಗೆ ತಿಳಿದಿರಲಿಲ್ಲ.

ಎರಡನೆಯದು ನಿನಗೆ ಗೊತ್ತಿತ್ತು. ನಿನಗೆ ಗೊತ್ತಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ, ನಿನ್ನ ಮುಖ ನೋಡುವವರೆಗೆ.

ವಿಕಾಸ ಅರವತ್ತು ದಿನ ಬೆಂಚಿನ ಮೇಲೆ ಕೂತು ನನ್ನ ಹೆಸರು ಹೇಳಲಿಲ್ಲ ಅಂದೆ. ಆಗ ನೀನು ಹೇಳಿದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ, ಪ್ರಗತಿಗೂ ತಿಳಿಯಲಿ.

"ಅವನ್ನ ನೋಡೂಕೆ ಅವನ ಅಪ್ಪ ಅದಾನೆ. ನಿನ್ನ ನೋಡೂಕೆ ನಾ ಇದ್ದೆ. ನಂಗೆ ಅಷ್ಟೇಯ ಗೊತ್ತು. ಇಲ್ಲಿಂದ್ಲೂ ಎಬ್ಬಿಸ್ರೆ ನಾ ಎಲ್ಲಿ ಹೋಗೂದು, ಸಮುದ್ರದ ಮೇಲೆ ಮನೆ ಕಟ್ಟೂಕೆ ಆತದಾ?"

ನೀನು ಹೆದರಿದ್ದೀ. ನಾನೂ ಹೆದರಿದ್ದೇನೆ. ಆದರೆ ಆಮೇಲೆ ನೀನು ಮಗ್ಗಿ ಹೇಳಿಸಿದ ಹಾಗೆ ನನ್ನಿಂದ ಹೇಳಿಸಿದೆಯಲ್ಲ, ಅದು ನನಗೆ ಆಗಲಿಲ್ಲ. ಅದು ಯಾವ ಊರು ಅಂತ ನೀನು ಕೇಳುವುದು, ಯಾವ ಊರೂ ಅಲ್ಲ ಅಂತ ನಾನು ಹೇಳುವುದು. ಬಾವಿ ಎಲ್ಲಿಯದು? ಬಾವಿ ಇಲ್ಲ. ಮನೆ ಯಾರದ್ದು? ಯಾರದ್ದೂ ಅಲ್ಲ. ಐದು ಸಲ ಕೇಳಿದೆ. ಮಂಜು ಮಾಸ್ತರರು ನೆಲ ನೋಡುತ್ತಿದ್ದರು. ಬಾವಿಯಿಂದ ಮೆಟ್ಟಿಲಿಗೆ ಎಷ್ಟು ಮಾರು ಅಂತ ನಾನು ತಿರುಗಿ ಕೇಳಿದೆ. ನೀನು ಹದಿನಾಲ್ಕು ಅನ್ನಲು ಬಾಯಿ ತೆರೆದೆ. ತೆರೆದು ಮುಚ್ಚಿದೆ. ನಿನಗೆ ಅದು ಕಾಣಿಸಿತೋ ಇಲ್ಲವೋ, ನನಗೆ ಕಾಣಿಸಿತು.

ಟೈಪು ಮಾಡಿದ ಕಾಗದವನ್ನು ಸಹಿ ಇಲ್ಲದೆ ಅನ್ನದ ಪಾತ್ರೆಯ ಕೆಳಗೆ ಇಟ್ಟಿದ್ದೇನೆ. ಮಾಸ್ತರರಿಗೆ ವಾಪಸು ಕೊಡು.

ನಾನು ಹತ್ತೂಕಾಲಿನ ಬಸ್ಸಿಗೆ ಕಾರವಾರಕ್ಕೆ ಹೋಗುತ್ತೇನೆ. ಸೀದಾ ಠಾಣೆಗೆ. ಒಳಗೆ ಹೋಗಿ ಏನು ಹೇಳುತ್ತೇನೆ ಅಂತ ಬರೆದುಕೊಂಡಿದ್ದೇನೆ, ಅಲ್ಲಿ ನಾಲಿಗೆ ತಿರುಗುತ್ತದೋ ಇಲ್ಲವೋ ಅಂತ. ಇದು ಚೆಂಡಿಯಾ. ಇದು ನಮ್ಮ ಮನೆ. ಇದನ್ನು ಮಾಡಿದವನು ನಾನು, ಹೇಳಿ ಮಾಡಿಸಿದವರು ಯಾರೂ ಇಲ್ಲ. ನೇವಿ ಹುಡುಗನಿಗೆ ಉತ್ತರ ಕೊಟ್ಟವನೂ ನಾನು. ವಿಕಾಸನನ್ನು ಮನೆಗೆ ಕಳಿಸಿ, ಅವನ ಜಾಗದಲ್ಲಿ ನಾನು ಕೂರುತ್ತೇನೆ. ಮಾರಿನ ಲೆಕ್ಕ ಯಾರು ಕೊಟ್ಟದ್ದು ಅಂತ ಕೇಳಿದರೆ, ನಾನು ಹತ್ತು ವರ್ಷದವನಿದ್ದಾಗಲೇ ಅಳೆದಿದ್ದೆ ಅನ್ನುತ್ತೇನೆ. ಆ ಒಂದು ಸುಳ್ಳು ನಿನಗೆ.

ಬೆಳಿಗ್ಗೆಯಿಂದ ನಾಲ್ಕು ಸಲ ಹಿತ್ತಿಲಿಗೆ ಹೋಗಿ ಬಂದೆ. ಧೈರ್ಯ ಬಂದ ಮೇಲೆ ಹೋಗುವಾ ಅಂತ ಕಾದರೆ ಅದು ಬರುವುದಿಲ್ಲ, ಹಿಲ್ಲೂರಿನಲ್ಲಿ ಎರಡು ತಿಂಗಳು ಕಾದು ನೋಡಿದ್ದೇನೆ. ಸಂಜೆಗೆ ಬಂದರೆ ಬಂದೆ. ಬರದಿದ್ದರೆ ನೀನು ಬಾ, ಚೀಟಿ ಎರಡು ಕೈಯಲ್ಲಿ ಹಿಡಿದುಕೊಂಡು ಅಲ್ಲ. ಸುಮ್ಮನೆ ಬಾ.

ನೀನು ಈಗ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೀ. ನಾನು ಪಕ್ಕದಲ್ಲೇ ದಾಟಿ ಹೋದರೂ ತಲೆ ಎತ್ತುವುದಿಲ್ಲ, ಗೊತ್ತು. ಈ ಮನೆಯ ಬಾಗಿಲು ಸರ್ಕಾರದ್ದು, ತಗಡಿನದು, ಮೆಲ್ಲಗೆ ಎಳೆದರೂ ನಾಲ್ಕು ಮನೆಗೆ ಕೇಳುತ್ತದೆ. ನಾನು ಮೆಲ್ಲಗೆ ಎಳೆಯುವುದಿಲ್ಲ. ಚಿಲಕ ಕಿತ್ತು ಬರುವ ಹಾಗೆ ಬಡಿದು ಹೋಗುತ್ತೇನೆ.

ಕಿಶನ
ತುಳಸಿದಾಸನ ಮಗ, ಚೆಂಡಿಯಾದವನು